ಕೋಳದ ಇನ್ನೊಂದು ತುದಿ

ನಾನು ಪೊಲೀಸ್ ಪೇದೆ. ಜಗಳೂರಿನಿಂದ ಕೈದಿಯೊಬ್ಬನನ್ನು ಬಸ್ಸಿನಲ್ಲಿ ಜೈಲಿಗೆ ಕರೆದೊಯ್ಯುತ್ತಿದ್ದೆ. ಬಿಳಿಚೋಡಿನಲ್ಲಿ ಟಯರ್ ಪಂಕ್ಚರ್ ಆಯಿತು. ಬೆಳಿಗ್ಗೆಯಿಂದ ಇಬ್ಬರ ಹೊಟ್ಟೆಯೂ ಖಾಲಿ. ಎದುರಿನ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹೇಳಿದೆ. ಒಂದೇ ಪ್ಲೇಟ್. ಕೈದಿಗೆ ಹೊರಗಿನ ತಿಂಡಿ ಕೊಡಬಾರದೆಂದು ನಮ್ಮ ಸಾಹೇಬರ ಆರ್ಡರ್.

ಕೋಳದ ಒಂದು ತುದಿ ಅವನ ಎಡಗೈಗೆ, ಇನ್ನೊಂದು ನನ್ನ ಬಲಗೈಗೆ. ನಾನು ತುತ್ತು ಎತ್ತಿದಾಗಲೆಲ್ಲ ಅವನ ಖಾಲಿ ಕೈಯೂ ಮೇಲೇಳುತ್ತಿತ್ತಂತೆ. ನನಗದು ಕಾಣಲೇ ಇಲ್ಲ. ಕಂಡಿದ್ದು ಅಂಗಡಿಯ ಮುದುಕ ಸಾಬರಿಗೆ.

"ಯುದ್ಧದಾಗೆ ಸೆರೆ ಸಿಕ್ಕ ವೈರಿಗೂ ಉಣ್ಣಾಕೆ ಕೊಡಬೇಕು ಅಂತ ನಮ್ಮ ಧರ್ಮದಾಗೆ ಐತ್ರೀ. ನೀವು ಕೈ ಎತ್ತಿದಂಗೆಲ್ಲ ಅವನ ಕೈನೂ ಏಳತೈತೆ, ನೋಡಾಕೆ ಆಗವಲ್ದು," ಅಂದರು.

"ಇದು ಯುದ್ಧ ಅಲ್ಲ ಅಜ್ಜಾ, ರೂಲ್ಸು. ಹೊರಗಿನದು ಕೊಡಂಗಿಲ್ಲ."

"ಹೊರಗಿನದು ಬ್ಯಾಡ ಬಿಡ್ರಿ. ನಿಮ್ಮ ಪ್ಲೇಟಿಂದೇ ಕೊಡ್ರಿ. ನಾವು ತಿನ್ನೋದ್ರಾಗೇ ಕೊಡಬೇಕು ಅಂತಾನೇ ಹೇಳಿರೋದು."

ಪ್ಲೇಟು ನೋಡಿದೆ. ಬಜ್ಜಿಯ ತೊಟ್ಟು ಮಾತ್ರ ಉಳಿದಿತ್ತು. ಇನ್ನೊಂದು ಪ್ಲೇಟ್ ಹೇಳಬಹುದಿತ್ತು, ಬಾಯಿ ಬರಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಎದ್ದೆ. ಅವನೂ ಏಳಲೇಬೇಕಾಯಿತು.

ಜೈಲಿನ ಪುಸ್ತಕದಲ್ಲಿ 'ಕೈದಿ ಸುರಕ್ಷಿತ' ಎಂದು ಬರೆದು ಸಹಿ ಹಾಕಿದೆ. ಅವನು ಉಂಡನೋ ಇಲ್ಲವೋ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ, ನನ್ನ ಪುಣ್ಯ.