ಏಳನೆಯ ಉದಾಹರಣೆ

ಮೊನ್ನೆ ಇಲ್ಲಿ, ಕೊಲ್ಲಿ ನಾಡಿನ ಫಹಾಹೀಲ್ ಪೇಟೆಯ ಅಂಗಡಿಯಲ್ಲಿ ಯಾರದೋ ಕೈಜಾರಿ ಸೀಸೆಯೊಂದು ಒಡೆಯಿತು. ಚೀನೀಯರು ಅನ್ನದ ಜೊತೆ ನಂಜಿಕೊಳ್ಳುವ, ಹುಳಿಯೆಬ್ಬಿಸಿದ ಸೋಯಾ ತುಂಡುಗಳು. ಒದ್ದೆ ಕಾಲುಚೀಲವನ್ನು ವಾರಗಟ್ಟಲೆ ಮುಚ್ಚಿಟ್ಟಂಥ ನಾತ. ಎಲ್ಲರೂ ಮೂಗು ಹಿಡಿದು ಸರಿದರು. ನಾನು ಅಲ್ಲೇ ನಿಂತುಬಿಟ್ಟೆ...

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾಮಗಾರಿ ಸೈಟಿನಲ್ಲಿ ಒಬ್ಬ ಚೀನೀ ವೆಲ್ಡರ್ ಇದ್ದ. ಮಧ್ಯಾಹ್ನ ಅದೇ ನಾತದ ಡಬ್ಬಿ ತೆರೆದು ನನ್ನೆದುರು ಕೂರುತ್ತಿದ್ದ. ಫೋರ್‌ಮನ್ ಆದರೆ ಅವನಿಗೆ ಊರಿನಿಂದ ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ವೀಸಾ ಸಿಗುತ್ತಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಸಂದರ್ಶನ. ಆಫೀಸಿನ ಗುಮಾಸ್ತನಾದ ನಾನು ಅವನಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಬೋಧಿಸುವ ಗುರುಪೀಠವನ್ನು ಅಲಂಕರಿಸಿದೆ. ಧಾರವಾಡದ ನಾಲಿಗೆಯಿಂದ ಚೀನೀ ಕಿವಿಗೆ... ಆಂಗ್ಲರ ಪುಣ್ಯ, ಅವರಾರೂ ಹತ್ತಿರದಲ್ಲಿರಲಿಲ್ಲ.

ಸಂಜೆ ನನ್ನ ಹೆಂಡತಿ ಬಾಗಿಲಲ್ಲೇ ತಡೆಯುತ್ತಿದ್ದಳು. “ಏನ್ರಿ ಇದು, ಮೈಯೆಲ್ಲಾ ನಾರಾಕತ್ತೇತಿ! ಮದಲ ಜಳಕಾ ಮಾಡ್ರಿ.”

ಪ್ರತಿ ನುಡಿಗಟ್ಟಿಗೂ ಅರ್ಥ, ಒಂದು ಉದಾಹರಣೆ ವಾಕ್ಯ ಹೇಳಿಕೊಡುತ್ತಿದ್ದೆ. ಅವನು ತನ್ನ ಲಿಪಿಯಲ್ಲಿ ಗೀಚಿಕೊಂಡು, ಮಗ್ಗಿಯ ಹಾಗೆ ಇಡಿಯಾಗಿ ಬಾಯಿಪಾಠ ಮಾಡುತ್ತಿದ್ದ. ಏಳನೆಯದು ‘ಪಾಸಿಂಗ್ ದ ಬಕ್’. ಎಂದರೆ, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಇದರ ಉದಾಹರಣೆಗೆ ನಮ್ಮ ಮ್ಯಾನೇಜರ್‌ಗಿಂತ ಯೋಗ್ಯರು ನನಗೆ ಹೊಳೆಯಲಿಲ್ಲ. ‘ನಮ್ಮ ಮ್ಯಾನೇಜರ್ ದಿನವೂ ಮಾಡುವ ಕೆಲಸ ಇದೇ’ ಎಂದು ಹೇಳಿಕೊಟ್ಟೆ. ಇಬ್ಬರೂ ನಕ್ಕೆವು.

ಸಂದರ್ಶನದಲ್ಲಿ ಟಿಪ್ಪಣಿ ಬರೆಯಲು ನಾನೂ ಕೂತಿದ್ದೆ. ಕಲಿತದ್ದನ್ನು ಹೇಳೆಂದರು ಮ್ಯಾನೇಜರ್. ಅವನು ಎದ್ದು ಕೈಕಟ್ಟಿ ಮೊದಲಿನಿಂದ ಒಪ್ಪಿಸತೊಡಗಿದ. ಏಳನೆಯದಕ್ಕೆ ಬಂದಾಗಲೂ ನಾಲಿಗೆಯ ಓಟ ನಿಲ್ಲಲಿಲ್ಲ. ವಾಕ್ಯ ಮುಗಿದ ಮೇಲೆ ಅವನ ಮುಖ ಬಿಳುಚಿತು.

“ಹೂ ಟಾಟ್ ಯೂ ದಿಸ್?” ಎಂದರು ಮ್ಯಾನೇಜರ್.

ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ಪೆನ್ನಿನ ಮುಚ್ಚಳವನ್ನು ಬಲು ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದೆ.

“ಬುಕ್, ಸರ್. ಓನ್ಲಿ ಬುಕ್.”

“ಯಲ್ಲಾ, ಖಲಾಸ್.” ನಡಿ, ಮುಗಿಯಿತು ಎಂದು ಮ್ಯಾನೇಜರ್ ಬಾಗಿಲು ತೋರಿಸಿದರು.

ತಿಂಗಳೊಳಗೆ ಅವನನ್ನು ಊರಿಗೆ ಕಳಿಸಿದರು. ಹೊರಡುವ ದಿನ ಡಬ್ಬಿಯನ್ನು ನನ್ನ ಮುಂದೆ ಹಿಡಿದು, “ಈಟ್, ಟೀಚರ್” ಎಂದ. ನಾನು ಮೂಗು ಮುಚ್ಚಿಕೊಂಡೆ.

ಅಂಗಡಿಯವನು ಫಿನಾಯಿಲ್ ಸುರಿದು ನೆಲ ಒರೆಸಿದ. ಅಲ್ಲಿನ ನಾತ ಹೋಯಿತು. ನಾನು ಮನೆಗೆ ಬಂದು ಎರಡೆರಡು ಸಲ ಸೋಪು ಹಚ್ಚಿ ಮಿಂದೆ. ನನ್ನ ಮೇಲಿನ ಹೇಸಿಗೆ ಮಾತ್ರ ಹಾಗೇ ಉಳಿಯಿತು. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ... ಆ ಏಳನೆಯ ನುಡಿಗಟ್ಟನ್ನು ಇನ್ನು ಯಾರಿಗಾದರೂ ಕಲಿಸಬೇಕಾಗಿ ಬಂದರೆ, ಉದಾಹರಣೆಗಾಗಿ ಮ್ಯಾನೇಜರನ್ನು ಹುಡುಕಬೇಕಿಲ್ಲ.