ಕಥೆ ನಿಲ್ಲಿಸುವ ಜಾಗ

ಎದುರುಮನೆಯ ಅವ್ವನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ನಾನು ಓದುತ್ತಿದ್ದಷ್ಟು ಹೊತ್ತೂ ಆ ಹೆಬ್ಬೆರಳು ಪುಟದ ಅಂಚನ್ನು ಒತ್ತಿ ಹಿಡಿದಿರುತ್ತಿತ್ತು. ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತೇನೆಂದು ಅವರಿಗೆ ಅನುಮಾನ. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಹಾಳೆಯ ದಪ್ಪ ಮಾತ್ರ ಬೆರಳಿಗೆ ತಿಳಿಯುತ್ತಿತ್ತು.

“ಒಂದ ಹಾಳಿ ಐತೇನಪಾ ಇದು? ದಪ್ಪ ಹತ್ತತೈತಿ.”

“ಒಂದೇ ಅವ್ವ. ಯಾರೋ ಕಾಫಿ ಚೆಲ್ಲಿದ್ದಾರೆ, ಉಬ್ಬಿದೆ.”

“ಎಂ.ಎ. ಕಲತಾವ್ರ ಮಾತು. ನಂಬೂದು ಕಷ್ಟ.”

ಎಪ್ಪತ್ತರ ದಶಕದ ಕೊನೆ, ಯಶವಂತಪುರದ ಒಂದು ವಠಾರ. ಗದಗಿನ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದ ಅವ್ವನ ಮಗ ತಾಯಿಯನ್ನೂ ಕರೆತಂದಿದ್ದ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನಗೆ ರಾಜಕುಮಾರರ, ಮಾಂತ್ರಿಕರ ಕಥೆಗಳೆಂದರೆ ತಾತ್ಸಾರ. ಹಾಗಿದ್ದೂ ಸಂಜೆಗಳಲ್ಲಿ ಅವರ ಜಗಲಿಯಲ್ಲಿ ಯಾಕೆ ಕೂರುತ್ತಿದ್ದೆ? ಸೊಸೆ ಕೊಡುತ್ತಿದ್ದ ಬಿಸಿ ರೊಟ್ಟಿಗಾಗಿ ಎಂದು ಹೇಳಿಕೊಂಡು ಬಂದಿದ್ದೇನೆ. ಆ ಮಾತನ್ನೂ ಈಗ ಪೂರ್ತಿ ನಂಬಲಾರೆ.

ನಾನು ಅವರಿಗೆ ಓದಿ ಹೇಳುತ್ತಿದ್ದುದು ವರ್ಷಕ್ಕೊಂದು ಭಾಗದಂತೆ ಬರುತ್ತಿದ್ದ ಬೃಹತ್ ಕಾದಂಬರಿ. ರಾಜ್ಯ ಕಳೆದುಕೊಂಡ ಒಬ್ಬ ರಾಜಕುಮಾರ, ಅವನ ಬೆನ್ನು ಹತ್ತಿದ ನೆರಳಿಲ್ಲದ ಮಾಂತ್ರಿಕ. ಪ್ರತಿ ಭಾಗವೂ ರಾಜಕುಮಾರ ಸಾವಿನ ಬಾಯಲ್ಲಿರುವಾಗಲೇ ಮುಗಿಯುತ್ತಿತ್ತು. ಮುಂದಿನ ಭಾಗ ಮಾರಾಟವಾಗಲು ಅದೊಂದು ಉಪಾಯವೆಂದು ನನಗೆ ಗೊತ್ತಿತ್ತು. ಅವ್ವನಿಗೆ ಮಾತ್ರ ಅದು ಅನಾಚಾರ. ಅವರೂರಿನ ಮಠದಲ್ಲಿ ಪುರಾಣ ಓದುವಾಗ ಯಾರೇ ಸಂಕಟದಲ್ಲಿದ್ದರೂ ಅಲ್ಲಿಗೆ ನಿಲ್ಲಿಸುವಂತಿಲ್ಲ. ಅವರನ್ನು ಒಂದು ಒಳ್ಳೆಯ ಜಾಗಕ್ಕೆ ಮುಟ್ಟಿಸಿ, ಮಂಗಳ ಹೇಳಿದ ಮೇಲೆಯೇ ಕೇಳುವವರು ಏಳಬೇಕು.

“ಅಂವನ್ನ ಬಾವ್ಯಾಗ ಬಿಟ್ಟು ನಾವು ಹ್ಯಾಂಗ ಉಣ್ಣೂದು?” ಎನ್ನುತ್ತಿದ್ದರು. ಪುಸ್ತಕ ನೆರವಾಗದಿದ್ದರೆ ತಾವೇ ಎರಡು ಮಾತು ಸೇರಿಸುತ್ತಿದ್ದರು: ಬಾವಿಗೆ ನೀರು ಸೇದಲು ಬಂದವರು ಹಗ್ಗ ಇಳಿಬಿಟ್ಟರು, ಅವನು ಮೇಲೆ ಬಂದು ಮಜ್ಜಿಗೆ ಕುಡಿದ. ಅಷ್ಟಾದ ಮೇಲೆಯೇ ಜಗಲಿಯಿಂದ ಎಲ್ಲರೂ ಏಳಬೇಕು. ಮುಂದಿನ ಭಾಗದಲ್ಲಿ ರಾಜಕುಮಾರ ಮತ್ತೆ ಬಾವಿಯಲ್ಲೇ ಇದ್ದಾಗ ಅವ್ವ ಕೆಂಡವಾದರು. “ಮ್ಯಾಲೆ ಬಂದಾಂವನ್ನ ಮತ್ತ ಯಾರು ದೂಡಿದ್ರು? ನಡುವ ಒಂದು ಪುಸ್ತಕ ಮುಚ್ಚಿಟ್ಟಾನ ಆ ಲೈಬ್ರರಿಯಾಂವ. ಹೋಗಿ ಕೇಳು.”

ನಾನು ಹೋಗಿ ಕೇಳಿದೆ. ಬಾಡಿಗೆಗೆ ಪುಸ್ತಕ ಕೊಡುವವನು ಹಣೆ ಚಚ್ಚಿಕೊಂಡ. “ಏನ್ ಸಾರ್, ಓದಿರೋರು ನೀವು. ನಾನ್ಯಾಕ್ ಸಾರ್ ಮುಚ್ಚಿಡ್ಲಿ? ಆ ಅಮ್ಮನ್ನೇ ಕರ್ಕೊಂಡ್ ಬನ್ನಿ, ಅಂಗಡಿ ತಡಕ್ಲಿ!”

ಕೊನೆಯ ಭಾಗ ಬರುವ ಮೊದಲೇ ಕಥೆ ಸಿನಿಮಾ ಆಯಿತು. ಆ ಹೊತ್ತಿಗೆ ಅವ್ವನಿಗೆ ಉಸಿರಾಟದ ತೊಂದರೆ ಜೋರಾಗಿತ್ತು. ಅಂತ್ಯ ತಿಳಿದರೆ ಅವರ ಜೀವಕ್ಕೆ ಸಮಾಧಾನವೆಂದು ಮಗ ಯಲಹಂಕದ ಟೆಂಟಿಗೆ ಕರೆದೊಯ್ದ, ನಾನೂ ಹೋದೆ. ರಾಜಕುಮಾರ ಬಂಡೆಯಿಂದ ಜೋತಾಡುತ್ತಿರುವಾಗ ಇಂಟರ್‌ವಲ್ ಆಯಿತು. ಸೋಡಾಕ್ಕೆ ಎದ್ದ ಮುಂದಿನ ಸಾಲಿನವನ ಅಂಗಿಯನ್ನು ಅವ್ವ ಹಿಡಿದೆಳೆದರು. “ಕುಂದರಪಾ, ಅಂವನ ಕಾಲಿಗೆ ನೆಲಾ ಸಿಗಲಿ.”

“ಅಜ್ಜೀ, ಬಿಡಿ! ಹೀರೋ ಸಾಯಲ್ಲ ಕಣಜ್ಜಿ, ಇನ್ನೂ ಎರಡು ಹಾಡು ಬಾಕಿ ಐತೆ!”

ಸಿನಿಮಾ ಮದುವೆಯೊಂದಿಗೆ ಮುಗಿಯಿತು. ಬಸ್ಸಿನಲ್ಲಿ ಮಗ ಹೇಳಿದ: “ಕಥಿ ಮುಗೀತಲ್ಲ ಯವ್ವಾ, ಇನ್ನರ ಸರ್‌ನ ಬಿಡು.”

“ಯಾರು ಮುಗಿಸಿದ್ರು? ಬರದಾಂವ ಇನ್ನೂ ಬರ್ಯಾಕತ್ತಾನ. ಇವರು ಸುಳ್ಳ ಮುಗಿಸ್ಯಾರ.”

“ನೀವೂ ದಿನಾ ಮುಗಿಸ್ತೀರಲ್ಲ ಅವ್ವ?” ಎಂದೆ, ಸಿಕ್ಕಿಬಿದ್ದರೆಂದು ಖುಷಿಯಾಗಿ.

“ನಂದು ಬೆಳಗಾಗೂ ಮಟಾ ಅಷ್ಟ. ಇವರು ಕಾಯಂ ಬಾಗಲಾ ಹಾಕ್ಯಾರ.”

ತರಗತಿಯಲ್ಲಿ ಕಥೆಯ ಬಗ್ಗೆ ನಾನು ಹೇಳುತ್ತಿದ್ದ ಯಾವ ಮಾತಿನಲ್ಲೂ ಇದು ಇರಲಿಲ್ಲ.

ಆಮೇಲೆ ಅವರು ಹಾಸಿಗೆ ಹಿಡಿದರು. ಹೋದಾಗಲೆಲ್ಲ ಒಂದೇ ಪ್ರಶ್ನೆ: “ಬಂತೇನು?” ಬಂದಿಲ್ಲವೆಂದರೆ ನನ್ನತ್ತ ಮುಖ ತಿರುಗಿಸಿ, “ನೀ ಒಬ್ಬಾಂವನ ಓದಾಕತ್ತಿರಬೇಕು. ಖರೇ ಹೇಳು,” ಎನ್ನುತ್ತಿದ್ದರು. ಅವರು ನನಗೆ ಹೇಳಿದ ಕೊನೆಯ ಮಾತು ಅದೇ ಎಂದು ನೆನಪು. ಇಲ್ಲವೇ ಅದೇ ಆಗಿರಲೆಂದು ನನಗೆ ಆಸೆ.

ಅವರು ತೀರಿಕೊಂಡ ಮೇಲೆ ಆ ಕೊನೆಯ ಭಾಗ ಬಂತು. “ಅವರ ಸಲುವಾಗಿ ಓದಿಬಿಡ್ರಿ ಸರ್,” ಎಂದಳು ಸೊಸೆ. ಅದೇ ಜಗಲಿಯಲ್ಲಿ ಕೆಲವು ಸಂಜೆ ಓದಿದೆ. ಕೊನೆಯ ಪುಟದಲ್ಲಿ ರಾಜಕುಮಾರ ತನ್ನ ಊರಿನ ಬಾಗಿಲ ಬಳಿಯೇ ಬಿದ್ದು ಸತ್ತ. ಮುಂದೆ ಖಾಲಿ ಹಾಳೆ. ಮಗ ತಲೆ ತಗ್ಗಿಸಿ ಕುಳಿತಿದ್ದ. ಯಾರೂ ಏಳಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಓದಿ ನಾನು ಪುಸ್ತಕ ಮುಚ್ಚಿದೆ. ನನ್ನ ನೆನಪು ಇಷ್ಟೇ. ಈಗ ಅಟ್ಟೂರಿನಲ್ಲಿರುವ ಸೊಸೆ ಇದನ್ನು ಒಪ್ಪುವುದಿಲ್ಲ.

“ಸುಳ್ಳ ಹೇಳಬ್ಯಾಡ್ರಿ ಸರ್. ಪುಸ್ತಕ ಮುಚ್ಚಿ ನೀವ ಹೇಳಿದ್ರಿ: ‘ಎದಿ ಮ್ಯಾಲೆ ಕೈ ಇಟ್ರ ಇನ್ನೂ ಬೆಚ್ಚಗಿತ್ತು. ಸಂತಿಗೆ ಹೊಂಟಿದ್ದ ಮುದುಕಿ ಗಾಡಿ ನಿಲ್ಲಿಸಿದ್ಲು.’”

ನಾನು ಆ ಪುಟವನ್ನು ಮತ್ತೆ ಮತ್ತೆ ನೋಡಿದ್ದೇನೆ. ಗಾಡಿಯೂ ಇಲ್ಲ, ಮುದುಕಿಯೂ ಇಲ್ಲ. ನನ್ನ ಬಾಯಲ್ಲಿ ಆ ಕಡೆಯ ಕನ್ನಡ ಬರುವುದೂ ಇಲ್ಲ. ಆಕೆಯೇ ಕಟ್ಟಿ ನನ್ನ ತಲೆಗೆ ಕಟ್ಟುತ್ತಿದ್ದಾಳೆಂದು ನನ್ನ ಗುಮಾನಿ. ಆದರೆ ಆ ಸಂಜೆ ನಾವೆಲ್ಲ ಎದ್ದು ಒಳಗೆ ಹೋಗಿ ಊಟ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಎರಡು ಮಾತು ಯಾರೋ ಹೇಳಿಯೇ ಇರಬೇಕು. ಹೇಳದೆ ಅವ್ವನ ಮನೆಯಲ್ಲಿ ಯಾರೂ ಏಳುತ್ತಿರಲಿಲ್ಲ.